ಕೊಟ್ರಮ್ಮನ ಹೋಟೆಲಿನ ಹೊಸ ಗಿರಾಕಿ

“ಅಜ್ಜೀ, ಸ್ವೆಟರ್ ಹಾಕು. ಗಾಳಿ ಐತೆ.”

ಕೇಳಿದವರ ಕಿವಿ ತಂಪಾಗುವಂಥ ಎಳೆಯ ದನಿ. ಕೊಟ್ರಮ್ಮ ಆಗಲೇ ಸ್ವೆಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳ ಮಾತು ಕೇಳಿ ಅವರ ಮುಖ ಊರಗಲವಾಯಿತು. ಕೆಲಸಕ್ಕೆ ಹೊರಡುತ್ತಿದ್ದ ಸೊಸೆ ಅಂಬಿಕಾಳ ಮುಖವೂ ಅಷ್ಟೇ ಅಗಲವಾಯಿತು. ಎರಡೂವರೆ ವರ್ಷದ ತುಂಗಾ ಮಾತ್ರ ಆ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ನೆಲದ ಮೇಲೆ ಕೂತು ಇರುವೆ ಸಾಲು ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡಿರಲಿಲ್ಲ. ಮಾತಾಡಿದ್ದು ಗಿಳಿ.

ಗಿಳಿ ಎಂದರೆ ರೆಕ್ಕೆಪುಕ್ಕದ ಗಿಳಿಯಲ್ಲ. ಮಗುವಿನ ಗಂಟಲ ಮೇಲೆ ಅಂಟಿಸುವ ಬೊಟ್ಟಿನಷ್ಟಗಲದ ಒಂದು ಪಟ್ಟಿ, ಅಂಗಿಗೆ ಸಿಕ್ಕಿಸುವ ಹಸಿರು ಗುಂಡಿಯಂಥ ಸ್ಪೀಕರ್. ಅಷ್ಟೇ. ಮನುಷ್ಯನಿಗೆ ಮಾತು ಬಾಯಿಗೆ ಬರುವ ಮೊದಲು ಗಂಟಲ ಸ್ನಾಯುಗಳು ಸಣ್ಣಗೆ ಮಿಸುಕುತ್ತವೆ. ಗಿಳಿ ಆ ಮಿಸುಕಾಟವನ್ನು ಓದಿ, ಸುತ್ತಲಿನ ಸದ್ದುಗದ್ದಲವನ್ನೂ ಕೇಳಿಸಿಕೊಂಡು, ಮಗುವಿಗೆ ಏನು ಬೇಕಿರಬಹುದೆಂದು ಊಹಿಸಿ ಮಗುವಿನ ಪರವಾಗಿ ಹೇಳುತ್ತದೆ. ಕೇಳಿದ್ದು ಸಿಕ್ಕಿ ಮಗು ಸುಮ್ಮನಾದರೆ ತನ್ನ ಊಹೆ ಸರಿಯಾಯಿತೆಂದು ನೆನಪಿಟ್ಟುಕೊಳ್ಳುತ್ತದೆ. ಹೀಗೆ ದಿನೇ ದಿನೇ ಚುರುಕಾಗುತ್ತದೆ. ದಾವಣಗೆರೆಯ ಮೊದಲ್ನುಡಿ ಕೇಂದ್ರದಲ್ಲಿ ಇದನ್ನು ರೂಪಿಸಿದವಳು ಅಂಬಿಕಾಳೇ. ತುಂಗಾ ಹುಟ್ಟುವ ಮೊದಲಿನಿಂದಲೂ ಅವಳು ಈ ಕೆಲಸದಲ್ಲಿದ್ದಳು. ಯಾರದೋ ಮಕ್ಕಳಿಗೆಂದು ಮಾಡಿದ್ದು ತನ್ನ ಮನೆಗೇ ಬೇಕಾಯಿತು.

ತುಂಗಾಳ ಕಿವಿ ಸರಿಯಿತ್ತು. ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ನಗು, ಅಳು, ತುಂಟತನ ಯಾವುದಕ್ಕೂ ಕೊರತೆಯಿರಲಿಲ್ಲ. ಮಾತೊಂದು ಬಂದಿರಲಿಲ್ಲ. ಒಂದು ವರ್ಷವಿಡೀ ಅಂಬಿಕಾ ಬೇರೆ ಮಕ್ಕಳು “ಅಮ್ಮಾ” ಎಂದು ಕೂಗಿದಾಗಲೆಲ್ಲ ತಿರುಗಿ ನೋಡಿ, ಆಮೇಲೆ ತನ್ನನ್ನು ತಾನೇ ಬೈದುಕೊಂಡಿದ್ದಳು. ಗಿಳಿ ಅಂಟಿಸಿದ ಮೇಲೆ ಆ ಸಂಕಟ ನೀಗಿತ್ತು. ಸಂಜೆ ಅವಳು ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ “ಅಮ್ಮ ಬಂದ್ಲು!” ಎಂಬ ಉಲ್ಲಾಸದ ಕೂಗು ಬರುತ್ತಿತ್ತು. ಆ ಎರಡು ಪದಕ್ಕಾಗಿ ಅವಳು ಕೇಂದ್ರದಿಂದ ಓಡೋಡಿ ಬರುತ್ತಿದ್ದಳು. ಚಾಲಕನಿಲ್ಲದ ಆಟೋಗಳೂ “ಆ ಕಡೆ ಬರಲ್ಲ” ಎನ್ನುವುದನ್ನು ಕಲಿತಿದ್ದ ಕಾಲವದು. ಎಷ್ಟೋ ಸಲ ನಡೆದೇ ಬಂದಿದ್ದಳು.

ಮನೆಯ ಮುಂಭಾಗದಲ್ಲೇ ಹೋಟೆಲು. ಊರಲ್ಲಿ ದೋಸೆ ಹುಯ್ಯುವ ಯಂತ್ರಗಳು ಬಂದು ಎಷ್ಟೋ ಕಾಲವಾಗಿದ್ದರೂ ಕೊಟ್ರಮ್ಮನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಇನ್ನೂ ಸೌದೆ ಒಲೆ, ಕಬ್ಬಿಣದ ಹಂಚು. ಹಂಚಿನ ಮುಂದೆ ಮಗ ವೀರೇಶ. ಗಲ್ಲಾಪೆಟ್ಟಿಗೆ, ಉಗ್ರಾಣ, ಗಿರಾಕಿಗಳ ಯೋಗಕ್ಷೇಮ ಎಲ್ಲ ಕೊಟ್ರಮ್ಮನವರದು. ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ಝಲ್ ಝಲ್ ಎನ್ನುತ್ತಿದ್ದರೆ ಅವರು ಎಲ್ಲಿದ್ದಾರೆಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಯಾವ ಗಿರಾಕಿಗೆ ಬೆಣ್ಣೆ ಮುಂದಿರಬೇಕು, ಎಂದರೆ ಒಂದು ಮುದ್ದೆ ಹೆಚ್ಚಿಗೆ ಬೀಳಬೇಕು, ಯಾರಿಗೆ ಪಲ್ಯ ಬೇರೆ ಬಟ್ಟಲಲ್ಲಿ ಕೊಡಬೇಕು ಎಲ್ಲ ಅವರಿಗೆ ಬಾಯಿಪಾಠ. ಗಿರಾಕಿ ಕೂರುವಷ್ಟರಲ್ಲಿ ಎದುರಿಗೆ ತಟ್ಟೆ ಇರಬೇಕು. ಬಾಯಿಬಿಟ್ಟು ಕೇಳುವಂತಾದರೆ ಅದು ಹೋಟೆಲಿಗೇ ಅವಮಾನ ಎಂಬುದು ಅವರ ನಂಬಿಕೆ.

ಹೊರಗಿನವರಿಗೇ ಇಷ್ಟು ಉಪಚಾರವೆಂದ ಮೇಲೆ ಮೊಮ್ಮಗಳಿಗೆ ಕೇಳಬೇಕೆ? ತುಂಗಾ ಕಣ್ಣು ಬಿಡುವಷ್ಟರಲ್ಲಿ ಹಾಲು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಲ್ಲದ ಚೂರು. ಗಿಳಿ ಬಂದ ಮೇಲಂತೂ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಲು ಹೊರಟಂತೆ, ಅಜ್ಜಿ ಲೋಟ ಎತ್ತುವುದಕ್ಕೂ ಗಿಳಿ “ಹಾಲು ಕೊಡು” ಎನ್ನುವುದಕ್ಕೂ ಸರಿಹೋಗುತ್ತಿತ್ತು.

“ನೋಡವ್ವಾ, ನಾನು ಮನಸ್ನಾಗೆ ಅಂದ್ಕೊಂಡಿದ್ದನ್ನೇ ಕೂಸು ಕೇಳ್ತೈತೆ,” ಎಂದು ಕೊಟ್ರಮ್ಮ ಬಂದವರಿಗೆಲ್ಲ ಹೇಳಿಕೊಂಡು ಮೆರೆದರು. ಅಂಬಿಕಾಳೂ ಮೆರೆದಳು. ಆ ಮಾತಿನಲ್ಲೇ ಎಲ್ಲ ಅಡಗಿತ್ತು. ಅದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಸೀಮಾಳಿಗೆ. ಅವಳು ಕೇಂದ್ರದಲ್ಲಿ ಮಕ್ಕಳಿಗೆ ಮಾತು ಕಲಿಸುವ ಥೆರಪಿಸ್ಟ್. ವಾರಕ್ಕೆರಡು ಸಲ ತುಂಗಾಳನ್ನು ತನ್ನ ಕೋಣೆಯಲ್ಲಿ ಕೂರಿಸಿಕೊಂಡು ಸೋಪಿನ ಗುಳ್ಳೆ ಊದುತ್ತಿದ್ದಳು. ಒಂದು ಸಲ ಊದಿ, ಊದುಗೊಳವೆಯನ್ನು ಬಾಯಿಯ ಹತ್ತಿರವೇ ಹಿಡಿದು, ಹುಬ್ಬೇರಿಸಿ ಸುಮ್ಮನೆ ಕಾಯುತ್ತಿದ್ದಳು. ಮಗು ಕೇಳಲಿ ಎಂದು. ಗಿಳಿ ಆ ಕೋಣೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ತುಂಗಾ ಗುಳ್ಳೆಯ ದಾರಿ ನೋಡುತ್ತಿದ್ದಳು, ಅಷ್ಟೇ. ಗಾಜಿನ ಗೋಡೆಯಾಚೆ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುವ ಅಂಬಿಕಾಳಿಗೆ ಇದು ಕಾಲಹರಣವೆನಿಸುತ್ತಿತ್ತು.

“ಒಂದು ಮಾತು ಕೇಳ್ಲಾ?” ಎಂದಳು ನಸೀಮಾ ಒಂದು ದಿನ. “ನಿಮ್ಮ ಗಿಳಿ ಯಾವಾಗ್ಲಾದ್ರೂ ‘ಬೇಡ’ ಅಂದೈತಾ?”

ಅಂಬಿಕಾ ಕಂಪ್ಯೂಟರಿನಲ್ಲಿ ಹುಡುಕಿದಳು. ಗಿಳಿ ಆಡಿದ ಮಾತುಗಳೆಲ್ಲ ಅಲ್ಲಿದ್ದವು. ಹಾಲು ಬೇಕು, ದೋಸೆ ಬೇಕು, ಇನ್ನೊಂಚೂರು ಬೆಣ್ಣೆ ಹಾಕು, ನಿದ್ದೆ ಬರ್ತೈತೆ, ಸ್ವೆಟರ್ ಹಾಕು. ‘ಬೇಡ’ ಇರಲಿಲ್ಲ.

“ನನ್ನ ಮಗಳು ಒಳ್ಳೇ ಸ್ವಭಾವದವಳು,” ಎಂದಳು ಅಂಬಿಕಾ.

“ಈ ವಯಸ್ಸಿಗೆ ಇಷ್ಟು ಒಳ್ಳೇ ಸ್ವಭಾವದ ಮಗುನ ನಾನು ನೋಡೇ ಇಲ್ಲ ಬಿಡಿ,” ಎಂದು ನಸೀಮಾ ನಕ್ಕಳು. “ಅದೂ ಅಲ್ದೆ, ತಾನಾಗೇ ಸ್ವೆಟರ್ ಕೇಳೋ ಕೂಸು ಎಲ್ಲಾದ್ರೂ ಉಂಟಾ?”

ಅಂಬಿಕಾಳಿಗೆ ಸಿಟ್ಟು ಬಂತು. ಆದರೆ ಆ ಪ್ರಶ್ನೆ ಸಿಟ್ಟಿನ ಜೊತೆ ಹೋಗಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಕೇಂದ್ರದ ನಿರ್ದೇಶಕ ಡಾಕ್ಟರ್ ಮುರಿಗೆಪ್ಪನವರು ತುಂಗಾಳನ್ನು ಪರೀಕ್ಷಿಸಲು ಬಂದರು. ಇನ್ನು ಪಟ್ಟಿ ಅಂಟಿಸುವ ರಗಳೆ ಬೇಡ, ಸಾಸಿವೆ ಕಾಳಿನಷ್ಟು ಸಣ್ಣ ಗಿಳಿಯನ್ನು ಚರ್ಮದ ಕೆಳಗೇ ಇಟ್ಟುಬಿಡೋಣ, ಬಾಳಿಡೀ ಇರಲಿ ಎಂಬುದು ಅವರ ಯೋಚನೆ. ಅಂಬಿಕಾಳಿಗೆ ಸಂತೋಷವೇ ಆಗಿತ್ತು. ನಸೀಮಾ ಮಾತ್ರ ಒಂದು ಸಲ ಗಿಳಿ ಬಿಚ್ಚಿಟ್ಟು ಮಗುವನ್ನು ನೋಡೋಣವೆಂದು ಹಟ ಹಿಡಿದಳು. ಹಾಗಾಗಿ ತುಂಗಾ ಗಾಜಿನಾಚೆ ನಸೀಮಾಳ ಜೊತೆ ಗುಳ್ಳೆ ಹಿಡಿಯುತ್ತಿದ್ದಳು. ಗಿಳಿ ಕಂಟ್ರೋಲ್ ರೂಮಿನ ಮೇಜಿನ ಮೇಲೆ, ಒಂದು ಸ್ಟೀಲ್ ತಟ್ಟೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಅದನ್ನು ಆರಿಸಲು ಅಂಬಿಕಾ ಮರೆತಿದ್ದಳು.

ಆಗ ಬಾಗಿಲಾಚೆ ಝಲ್ ಝಲ್ ಸದ್ದಾಯಿತು. ಡಾಕ್ಟರಿಗೆ ದೋಸೆ ಕಟ್ಟಿಸಿಕೊಂಡು ಕೊಟ್ರಮ್ಮ ಬಂದರು.

“ಅಜ್ಜೀ, ಹಾಲು ಕೊಡು!” ಎಂದಿತು ತಟ್ಟೆ.

“ಬಂದೇ ನನ್ನ ಬಂಗಾರಿ, ಎಲ್ಲಿ ಬಚ್ಚಿಟ್ಕೊಂಡೀಯೆ?” ಎನ್ನುತ್ತ ಕೊಟ್ರಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದರು. ಮಗು ಇರಲಿಲ್ಲ. ಗಾಜಿನಾಚೆ ತುಂಗಾ ಇವರಿಗೆ ಬೆನ್ನು ಹಾಕಿ ಗುಳ್ಳೆಯ ಹಿಂದೆ ಓಡುತ್ತಿದ್ದಳು. ಕೊಟ್ರಮ್ಮ ನೆಟ್ಟಗೆ ನಿಂತರು. ಗೊಂಚಲು ಮತ್ತೆ ಝಲ್ ಎಂದಿತು.

“ಅಜ್ಜೀ, ಇನ್ನೊಂಚೂರು ಬೆಣ್ಣೆ ಹಾಕು!”

ಅಂಬಿಕಾ ತಟ್ಟೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಕೂತೊಡನೆ ಚಪ್ಪಲಿ ಕಳಚುವುದು ಅವಳ ಅಭ್ಯಾಸ. ಚಪ್ಪಲಿ ಟಪ್ ಎಂದು ನೆಲಕ್ಕೆ ಬಿತ್ತು.

“ಅಮ್ಮ ಬಂದ್ಲು!” ಎಂದಿತು ಗಿಳಿ, ಪ್ರತಿ ಸಂಜೆಯ ಅದೇ ಉಲ್ಲಾಸದಲ್ಲಿ.

ಅಂಬಿಕಾಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಅವಳನ್ನು ಕರೆದದ್ದು ಮಗಳಲ್ಲ, ಅವಳ ಚಪ್ಪಲಿಯ ಸದ್ದು.

ಅತ್ತು ಮುಗಿಸಿ ಮುಖ ತೊಳೆದು ಬಂದ ಮೇಲೆ ಅವಳೇ ಲೆಕ್ಕ ಬಿಡಿಸಿ ಹೇಳಿದಳು. ಮಗುವಿನ ಗಂಟಲಿನ ಮಿಸುಕಾಟ ಮೊದಲೇ ಸಣ್ಣದು, ಅರ್ಥವಾಗುವುದು ಕಷ್ಟ. ಆದರೆ ಬೀಗದ ಕೈ ಸದ್ದಾದರೆ ಹಾಲು ಬಂದೇ ಬರುತ್ತದೆ, ಗಾಳಿ ಸದ್ದಾದರೆ ಸ್ವೆಟರ್ ಬಂದೇ ಬರುತ್ತದೆ. ಆ ಊಹೆ ತಪ್ಪುವುದೇ ಇಲ್ಲ. ಹಾಗಾಗಿ ಗಿಳಿ ಗಂಟಲು ಓದುವುದನ್ನೇ ಬಿಟ್ಟಿದೆ. ಅದು ಮನೆಯವರು ಏನು ಕೊಡಲಿದ್ದಾರೆಂದು ಊಹಿಸುತ್ತಿದೆ. ಮಗುವಿಗೆ ಏನು ಬೇಕೆಂದು ಅದಕ್ಕೆ ಗೊತ್ತೇ ಇಲ್ಲ.

ಕೊಟ್ರಮ್ಮ ಸೊಂಟದ ಗೊಂಚಲನ್ನು ಸದ್ದಾಗದಂತೆ ಅದುಮಿ ಹಿಡಿದರು. “ಹಂಗಾದ್ರೆ ಇಷ್ಟ್ ದಿನ ನಾನು ನನ್ ಕೂಡೇನೇ ಮಾತಾಡ್ತಿದ್ನೇನು?”

“ಹೌದು ಅತ್ತೆ. ನಾನೂ ಅಷ್ಟೇ.”

ಮುರಿಗೆಪ್ಪನವರು ಕೆಟ್ಟವರಲ್ಲ, ಅವಸರದವರು. “ಗಿಳಿ ತಪ್ಪು ಕಲಿತಿದ್ರೆ ಅಂಬಿಕಾ ತಿದ್ದಲಿ. ಆದ್ರೆ ಮಗು ಮಾತಿಲ್ಲದೆ ಎಷ್ಟು ದಿನ ಕೂರಬೇಕು? ಕಲಿಯೋ ವಯಸ್ಸು ನಮಗಾಗಿ ಕಾಯಲ್ಲ. ದೀಪಾವಳಿತನಕ ನೋಡೋಣ. ಸ್ವಂತ ಮಾತು ಬರೋ ಲಕ್ಷಣ ಕಾಣದಿದ್ರೆ ತಿದ್ದಿದ ಗಿಳೀನ ಒಳಗಿಡೋಣ,” ಎಂದರು.

“ಯಂತ್ರ ಕೆಟ್ಟದ್ದು ಅಂತ ನಾನೂ ಹೇಳಲ್ಲ ಸರ್,” ಎಂದಳು ಅಷ್ಟರಲ್ಲಿ ತುಂಗಾಳ ಕೈ ಹಿಡಿದು ಈಚೆ ಬಂದಿದ್ದ ನಸೀಮಾ. “ಎಷ್ಟೋ ಮಕ್ಕಳಿಗೆ ಚಿತ್ರದ ಹಲಗೆ, ಮಾತಾಡೋ ಪೆಟ್ಟಿಗೆ ಬಾಯಾಗ್ಯಾವೆ. ಆದ್ರೆ ಅದನ್ನ ಒತ್ತೋದು ಮಗು. ಇಲ್ಲಿ ಒತ್ತಿದ್ದು ನಾವು.” ಆಮೇಲೆ ಕೊಟ್ರಮ್ಮನ ಕಡೆ ತಿರುಗಿದಳು. “ಅಮ್ಮಾ, ನಿಮ್ಮ ಹೋಟ್ಲಿಗೆ ಹೊಸ ಗಿರಾಕಿ ಬಂದ್ರೆ ಏನ್ಮಾಡ್ತೀರಿ?”

“ಹೊಸಬ್ರಾದ್ರೆ ಏನು ಬೇಕು ಅಂತ ಕೇಳ್ತೀನಿ. ಅವ್ರು ಹೇಳೋತಂಕ ಎದುರಿಗೆ ನಿಂತಿರ್ತೀನಿ. ಗೊತ್ತಿಲ್ದೆ ಹೆಂಗ್ ಕೊಡಾಕಾಗ್ತೈತೆ?”

“ಅಷ್ಟೇ. ಇವತ್ತಿಂದ ತುಂಗಾ ಹೊಸ ಗಿರಾಕಿ.”

“ನನ್ ಮೊಮ್ಮಗಳು ನನಗೆ ಹೊಸಬ್ಳಾ?” ಕೊಟ್ರಮ್ಮನಿಗೆ ರೇಗಿತು.

“ನೀವೇ ಹೇಳಿ. ಅವಳಿಗೆ ಏನಿಷ್ಟ ಅಂತ ನಿಮಗೆ ಗೊತ್ತಾ?”

ಊರಿನ ಅರ್ಧ ಜನರ ನಾಲಿಗೆಯ ರುಚಿ ಬಲ್ಲ ಕೊಟ್ರಮ್ಮ ಹೊಸಬರನ್ನು ನೋಡುವಂತೆ ಮೊಮ್ಮಗಳ ಕಡೆ ನೋಡಿದರು.

ಮರುದಿನ ಹೋಟೆಲಿನಲ್ಲಿ, ಹಂಚಿಗೆ ಎದುರಾಗಿ, ಒಂದು ಪುಟ್ಟ ಸ್ಟೂಲು ಬಂತು. ತುಂಗಾ ಅದರ ಮೇಲೆ ಮಹಾರಾಣಿಯ ಹಾಗೆ ಕೂತಳು. ಕೊಟ್ರಮ್ಮ ಬೀಗದ ಕೈ ಗೊಂಚಲನ್ನು ಸೊಂಟದಿಂದ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರು. ಮದುವೆಯಾಗಿ ಬಂದ ಮೇಲೆ ಅದು ಅವರ ಸೊಂಟ ಬಿಟ್ಟದ್ದು ಅದೇ ಮೊದಲು. ಒಂದು ಕೈಯಲ್ಲಿ ದೋಸೆಯ ಚೂರು, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ಮೊಮ್ಮಗಳ ಎದುರು ನಿಂತರು.

“ಏನ್ ಕೊಡ್ಲಿ?”

ತುಂಗಾ ಬಾಯಿ ತೆರೆದಳು. ತುತ್ತು ಬಂದು ಬೀಳಲಿ ಎಂದು. ತುತ್ತು ಬರಲಿಲ್ಲ. ಹೀಗೂ ಆಗುವುದುಂಟೇ ಎಂಬಂತೆ ಅಜ್ಜಿಯನ್ನು ನೋಡಿದಳು. ಆಮೇಲೆ ಸೂರು ಹಾರಿಹೋಗುವಂತೆ ಅತ್ತಳು. ಕೊಟ್ರಮ್ಮನೂ ನಿಂತಲ್ಲೇ ಅತ್ತರು. ಹಂಚಿನ ಮುಂದೆ ವೀರೇಶನ ದೋಸೆ ಕರಕಲಾಯಿತು. ಮೂಲೆಯಲ್ಲಿ ಕೂತಿದ್ದ ಹಳೆಯ ಗಿರಾಕಿ ಒಬ್ಬರು ತಡೆಯಲಾರದೆ, “ಕೊಡ್ರೀ ಕೊಟ್ರಮ್ಮ, ಪಾಪ, ಕೂಸು,” ಎಂದರು.

“ನೀವು ನಿಮ್ ತಟ್ಟೆ ನೋಡ್ಕೊಳ್ರಿ!” ಎಂದು ಕೊಟ್ರಮ್ಮ ಅಳುತ್ತಲೇ ಗದರಿದರು.

ಕೊನೆಗೆ ತುಂಗಾ ಅಜ್ಜಿಯ ಕೈ ಹಿಡಿದು ಎಳೆದಳು, ದೋಸೆ ಇದ್ದ ಕೈಯನ್ನು. ಸಂಜೆ ಈ ಸುದ್ದಿ ಕೇಳಿದ ನಸೀಮಾ ತುಂಗಾಳಿಗೆ ಸರ್ಕಾರಿ ಕೆಲಸ ಸಿಕ್ಕಷ್ಟು ಖುಷಿಪಟ್ಟಳು. “ಎಳೆದ್ಲಾ? ಹಂಗಾದ್ರೆ ಕೇಳಿದ್ಲು ಅಂತ ಅರ್ಥ. ಮಾತಿಗೆ ಅಡಿಪಾಯ ಬಿತ್ತು ನೋಡಿ.”

ಎಳೆಯುವುದು ಹೋಗಿ ಬೆರಳು ತೋರಿಸುವುದು ಬಂತು. ಬೆರಳಿನ ಜೊತೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬಂತು. ಆಮೇಲೆ “ಊಂ” ಎಂಬ ಒಂದು ಸದ್ದು. ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ “ದೋ”. ಅಂದು ಹೋಟೆಲಿನಲ್ಲಿ ಇದ್ದವರಿಗೆಲ್ಲ ಬೆಣ್ಣೆ ಎರಡರಷ್ಟು. ನಡುವೆ ಹಿಂದೆ ಬಿದ್ದ ದಿನಗಳೂ ಇದ್ದವು. ಜ್ವರ ಬಂದು ಮಲಗೆದ್ದ ತುಂಗಾ ಮತ್ತೆ ಕೈ ಎಳೆಯುವಲ್ಲಿಗೇ ಹೋದಳು. ಕೊಟ್ರಮ್ಮ ಮೊಳೆಯ ಮೇಲಿನ ಗೊಂಚಲು ನೋಡುತ್ತ ನಿಟ್ಟುಸಿರುಬಿಟ್ಟು, ಮೊದಲಿಂದ ಶುರುಮಾಡಿದರು.

ಅಂಬಿಕಾಳ ಸಂಜೆಗಳು ಮೂಕವಾದವು. ಚಪ್ಪಲಿ ಬಿಟ್ಟರೆ ಒಳಗಿನಿಂದ ಯಾವ ಕೂಗೂ ಇಲ್ಲ. ಒಂದು ಸಲ ಗಿಳಿಯನ್ನು ಚೀಲದಲ್ಲಿ ಮನೆಗೆ ತಂದು, ಅದರ ಗುಂಡಿ ಒತ್ತಲು ಹೋಗಿ, ತನಗೇ ನಾಚಿಕೆಯಾಗಿ ಒಳಗಿಟ್ಟಳು. ಆಮೇಲೊಂದು ದಿನ ತುಂಗಾ ತಲೆಯೆತ್ತಿ ನೋಡಿ, ಆಡುತ್ತಿದ್ದ ಲಟ್ಟಣಿಗೆ ಬಿಸಾಕಿ, ಓಡಿಬಂದು ಅವಳ ಕಾಲು ತಬ್ಬಿಕೊಂಡಳು. ಮಾತಿಲ್ಲ, ಸದ್ದಿಲ್ಲ. ಆದರೆ ಬಂದದ್ದು ಮಗಳೇ. ಅಂಬಿಕಾ ಆ ರೀತಿ ಎಷ್ಟು ಹೊತ್ತು ನಿಂತಿದ್ದಳೋ, ವೀರೇಶ ಬಂದು “ಏನಾಯ್ತೇ?” ಎನ್ನುವವರೆಗೂ ಅಲ್ಲಾಡಲಿಲ್ಲ.

ಕೇಂದ್ರದಲ್ಲಿ ಅವಳು ಗಿಳಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಸುತ್ತಲಿನ ಸದ್ದು ಕೇಳುವ ಅದರ ಕಿವಿಯನ್ನು ತೆಗೆದುಹಾಕಿದಳು. ಇನ್ನು ಗಂಟಲೊಂದೇ ಗತಿ. ಗೊತ್ತಾಗದಿದ್ದರೆ ಸುಮ್ಮನಿರಬೇಕೆಂಬ ಪಾಠವನ್ನು ಅದಕ್ಕೆ ಎಲ್ಲಕ್ಕಿಂತ ಮೊದಲು ಕಲಿಸಿದಳು. ಅತ್ತೆ ಹೋಟೆಲಿನಲ್ಲಿ ಕಲಿಯುತ್ತಿದ್ದುದೂ ಅದೇ ಪಾಠ.

ದೀಪಾವಳಿ ಹತ್ತಿರ ಬಂತು. ತುಂಗಾಳ ಬಾಯಲ್ಲಿ “ದೋ” ಬಿಟ್ಟರೆ ಬೇರೆ ಏನೂ ಇರಲಿಲ್ಲ. ಹಬ್ಬದ ಹಿಂದಿನ ದಿನ ಮುರಿಗೆಪ್ಪನವರು ಹೋಟೆಲಿಗೇ ಬಂದರು. ಸ್ಟೂಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಎಲ್ಲವನ್ನೂ ನೋಡಿದರು. ಬೆರಳು ತೋರಿಸಿದ್ದಕ್ಕೆ ಭೇಷ್ ಎಂದರು. “ದೋ” ಕೇಳಿ ತಲೆಯಾಡಿಸಿದರು.

“ಒಳ್ಳೇ ಪ್ರಗತಿ. ಆದ್ರೆ ಒಂದು ಅಕ್ಷರದಲ್ಲಿ ಮಗು ಎಷ್ಟು ಹೇಳಿಕೊಂಡೀತು ನಸೀಮಾ? ನಾವು ಆಡಿದ ಮಾತಿನಂತೆ ನಡೆಯೋಣ. ಮೊದಲು ಹೊಸ ಗಿಳಿ ಅಂಟಿಸಿ ನೋಡೋಣ. ಸರಿಹೋದ್ರೆ ಹಬ್ಬ ಕಳೆದ ಮೇಲೆ ಒಳಗಿಡೋಣ.”

ನಸೀಮಾ ಅಂಬಿಕಾಳ ಮುಖ ನೋಡಿದಳು. ಅಂಬಿಕಾಳಿಗೆ ಡಾಕ್ಟರ ಮಾತು ಅನ್ಯಾಯವೆನಿಸಲಿಲ್ಲ. ಈ ಗಿಳಿ ಸುಳ್ಳು ಹೇಳದು, ಅದನ್ನು ಅವಳೇ ಖುದ್ದಾಗಿ ತಿದ್ದಿದ್ದಳು. ಆದರೂ ಕಾಲು ತಬ್ಬಿಕೊಂಡ ಆ ಸಂಜೆ ನೆನಪಾಯಿತು. ಮತ್ತೆ ಒಂದು ಯಂತ್ರ ತನ್ನ ಮತ್ತು ಮಗಳ ನಡುವೆ ನಿಲ್ಲಲಿದೆ, ಇನ್ನು ಯಾವ ಮಾತು ಯಾರದೆಂದು ತನಗೆ ಎಂದೂ ಗೊತ್ತಾಗದು ಎಂಬ ಹೆದರಿಕೆ. ಏನು ಮಾಡುವುದು? ಮಗಳ ಮುಂದೆ ಮಂಡಿಯೂರಿ ಕೂತು, ಪಟ್ಟಿಯ ಹಿಂದಿನ ಹಾಳೆ ಸುಲಿದು, ಪುಟ್ಟ ಗಂಟಲ ಬಳಿಗೆ ಒಯ್ದಳು. ಅಷ್ಟರಲ್ಲಿ ಈ ಕೆಲವು ತಿಂಗಳ ಅಭ್ಯಾಸ ಅವಳನ್ನು ತಡೆಯಿತು. ಕೈ ಅಲ್ಲೇ ನಿಲ್ಲಿಸಿ ಕೇಳಿದಳು:

“ಗಿಳಿ ಹಾಕ್ಲೇನಮ್ಮಾ?”

ಕೇಳಿ, ಕಾದಳು.

ತುಂಗಾ ಪಟ್ಟಿ ನೋಡಿದಳು. ಅಮ್ಮನ ಮುಖ ನೋಡಿದಳು. ಎರಡೂ ಅಂಗೈಗಳನ್ನು ತನ್ನ ಗಂಟಲ ಮೇಲೆ ಮುಚ್ಚಿಕೊಂಡಳು. ಹುಬ್ಬು ಗಂಟಾಯಿತು, ತುಟಿ ಕೂಡಿತು, ಬಿಟ್ಟಿತು.

“ಬೇಡ.”

ವೀರೇಶ ಸೌಟು ಹಿಡಿದು ನಿಂತವನು ನಿಂತೇ ಇದ್ದ. ಆ ದನಿ ಗಿಳಿಯ ದನಿಯಂತೆ ಇನಿದಾಗಿರಲಿಲ್ಲ. ದಪ್ಪ, ಒರಟು, ಸ್ವಲ್ಪ ಒಡಕು. ಒಲೆಯ ಹೊಗೆಯಲ್ಲಿ ಇಡೀ ಬೀದಿಗೆ ಕೇಳುವಂತೆ ಕೂಗಿ ಕೂಗಿ ಪಳಗಿದ ಕೊಟ್ರಮ್ಮನ ದನಿಯ ಮರಿ. ಇದನ್ನು ಯಾವ ಗಿಳಿಯೂ ಊಹಿಸಿರಲಿಲ್ಲ, ಅಂಬಿಕಾಳೂ ಊಹಿಸಿರಲಿಲ್ಲ. “ಅಮ್ಮಾ” ಎಂಬ ಒಂದು ಮಾತಿಗಾಗಿ ಹಂಬಲಿಸಿದವಳಿಗೆ ಮಗಳ ಮೊದಲ ಮಾತು ಅವಳ ಕೈಯ ಕೆಲಸವನ್ನೇ ದೂರ ತಳ್ಳಿತ್ತು. ಅದಕ್ಕಿಂತ ದೊಡ್ಡ ಸಂತೋಷವನ್ನು ಅವಳು ಕಂಡಿರಲಿಲ್ಲ. ನಗುತ್ತ, ಅಳುತ್ತ, ಪಟ್ಟಿಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಮುಂಗೈಗೇ ಅಂಟಿಸಿಕೊಂಡಳು.

“ಏನಂದ್ಲು?” ಎಂದರು ಮುರಿಗೆಪ್ಪನವರು, ಕೇಳಿಸಿದ್ದರೂ.

“ಬೇಡ ಅಂದ್ಲು,” ಎಂದರು ಕೊಟ್ರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಗಿರಾಕಿ ಬೇಡ ಅಂದ್ಮೇಲೆ ಬಡಿಸಬಾರ್ದು ಸಾಹೇಬ್ರೆ. ನಮ್ ಹೋಟ್ಲು ಪದ್ಧತಿ.”

ಮುರಿಗೆಪ್ಪನವರು ಗಿಳಿ ತಂದಿದ್ದ ಪೆಟ್ಟಿಗೆಯ ಮುಚ್ಚಳ ಹಾಕಿದರು. ಮುಖದಲ್ಲಿ ನಗು ತಡೆಯಲಾಗದೆ, “ಹಂಗಾದ್ರೆ ನನಗೊಂದು ದೋಸೆ ಕೊಡಿ,” ಎಂದರು. ಅವರಿಗೂ ಕೊಟ್ರಮ್ಮ ಎದುರಿಗೆ ನಿಂತು, ಬೆಣ್ಣೆ ಮುಂದಿರಲೋ ಹಿಂದಿರಲೋ ಎಂದು ಕೇಳಿಯೇ ಕೊಟ್ಟರು.

ಹಬ್ಬದ ಇಡೀ ವಾರ ಆ ಮನೆಯಲ್ಲಿ ಬೇರೆ ಮಾತೇ ಕೇಳಲಿಲ್ಲ. ಎಣ್ಣೆ ನೀರು ಹಾಕ್ಲಾ? ಬೇಡ. ಹೊಸ ಅಂಗಿ? ಬೇಡ. ಹಾಲು? ಬೇಡ. ಹಾಲು ಅವಳಿಗೆ ಹುಟ್ಟಿದಾಗಿನಿಂದ ಇಷ್ಟವಿರಲಿಲ್ಲವೆಂದು ಆಗ ಗೊತ್ತಾಯಿತು. ನಸೀಮಾ ಹೇಳಿದಂತೆ ಆ ಒಂದು ಮಾತಿನ ಬೆನ್ನಿಗೆ ಮಿಕ್ಕವು ಸಾಲುಗಟ್ಟಿದವು. “ಅಮ್ಮ” ಎಂಬುದು ಹತ್ತರಲ್ಲಿ ಒಂದಾಗಿ, ಯಾವ ಸಡಗರವೂ ಇಲ್ಲದೆ, “ಅಮ್ಮ, ಬೇಡ” ಎಂಬ ಜೋಡಿಯಲ್ಲೇ ಬಂತು. ಅಂಬಿಕಾ ಅದನ್ನೂ ಸಂತೋಷದಿಂದ ಕೈಚಾಚಿ ತೆಗೆದುಕೊಂಡಳು.

ಕಾರ್ತಿಕದ ಒಂದು ಸಂಜೆ. ದೀಪ ಹಚ್ಚಿದ ಜಗಲಿಯ ಮೇಲೆ ತುಂಗಾ ಕಾಲು ಇಳಿಬಿಟ್ಟು ಕೂತಿದ್ದಳು. ತಣ್ಣಗೆ ಗಾಳಿ ಬೀಸಿತು. ಕೊಟ್ರಮ್ಮನ ಕಾಲು ತನ್ನಷ್ಟಕ್ಕೆ ಒಳಗೆ ಹೋಗಿ, ಕೈ ತನ್ನಷ್ಟಕ್ಕೆ ಸ್ವೆಟರ್ ತಂದಿತು. ಮೊಮ್ಮಗಳ ಹತ್ತಿರ ಬಂದವರು ಥಟ್ಟನೆ ನಿಂತು, ಸ್ವೆಟರನ್ನು ಮುಂದೆ ಹಿಡಿದರು.

“ಹಾಕ್ಲೇನವ್ವಾ?”

ತುಂಗಾ ಸ್ವೆಟರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಜ್ಜಿಯನ್ನೂ ಹಾಗೆಯೇ ನೋಡಿದಳು.

“ಬೇಡ. ಅಜ್ಜಿ ಹಾಕು.”

ಕೊಟ್ರಮ್ಮ ಆ ಪುಟ್ಟ ಸ್ವೆಟರನ್ನು ತಮ್ಮ ಹೆಗಲ ಮೇಲೆ ಹೊದ್ದು, ಮೊಮ್ಮಗಳ ಪಕ್ಕ ಕೂತರು. ಇಷ್ಟು ದಿನವೂ ಚಳಿಯಾಗುತ್ತಿದ್ದದ್ದು ಅವರಿಗೇ.